ಮೂರನೆಯ ಗಿಡ

ಶುಕ್ರವಾರ ಬೆಳಿಗ್ಗೆ ಚಹಾ ಕುಡಿಯುತ್ತ ಅಬ್ಬಾ, "ಇವತ್ತ ಜುಮ್ಮಾ ಆದಮ್ಯಾಲ ನಿಮ್ಮ ಅಮ್ಮಿ ಕಡೆ ಹೋಗಿ ಬರೋಣು" ಎಂದಾಗ ಬೂಟಿನ ಲೇಸು ಕಟ್ಟುತ್ತಿದ್ದ ಮುಬಶೀರ ತಲೆ ಎತ್ತಲಿಲ್ಲ. ಕಟ್ಟಿದ ಗಂಟನ್ನೇ ಬಿಚ್ಚಿ ಮತ್ತೆ ಕಟ್ಟಿದ. ಅಮ್ಮಿ ಕಡೆ ಎಂದರೆ ಖಬರಸ್ತಾನಕ್ಕೆ. ಸವಣೂರಿನಲ್ಲಿ ನಲವತ್ತು ವರ್ಷ ವೀಳ್ಯದ ಎಲೆಬಳ್ಳಿ ತೋಟ ಮಾಡಿದ ಅವನ ಅಬ್ಬಾ ಬಾಬಾಜಾನ ಎರಡು ತಿಂಗಳಿಂದ ಮನೆಯ ಹೊಸ್ತಿಲು ದಾಟಿರಲಿಲ್ಲ. ಹುಬ್ಬಳ್ಳಿಯಲ್ಲಿ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು, ಕರಿ ಕನ್ನಡಕ ಹಾಕಿಕೊಂಡು, ಧೂಳಿಗೆ ಹೆದರಿ ಕೋಣೆಯಲ್ಲೇ ಕೂತಿದ್ದರು. ನಿನ್ನೆ ಡಾಕ್ಟರು ಆ ಕನ್ನಡಕ ಬಿಡಿಸಿದ್ದರು. ಈಗ ಅವರಿಗೆ ಗೋಡೆಯ ಮೇಲಿನ ಹಲ್ಲಿಯ ಕಾಲ್ಬೆರಳುಗಳೂ ಕಾಣುತ್ತಿದ್ದವು. "ನಿನ್ನ ಗಡ್ಡದಾಗ ಬಿಳೇ ಕೂದಲಾ ಬಂದಾವಲ್ಲೋ, ನಾ ನೋಡಿದ್ದ ಇಲ್ಲ" ಎಂದು ನಕ್ಕು, "ಗಿಡ ಈಗ ಹೂ ಬಿಟ್ಟಿರ್ತೈತಿ. ಗೇಟಿನಾಗಿಂದನ ಕಾಣ್ತೈತಿ ನೋಡು" ಎಂದರು. ಮುಬಶೀರ "ಹೂಂ" ಎಂದ. ಆ ಗಿಡ ಅಲ್ಲಿರಲಿಲ್ಲ. ಐದು ದಿನದ ಹಿಂದೆ ಅವನೇ ಅದನ್ನು ಬೇರು ಸಹಿತ ಎತ್ತಿಸಿ, ಟೆಂಪೊದಲ್ಲಿ ಮಲಗಿಸಿ, ಗೊಟಗೋಡಿಯ ಹತ್ತಿರ ಒಂದು ಫಾರ್ಮ್‌ಹೌಸಿನ ಮುಂದೆ ನೆಡಿಸಿದ್ದ.

ಬೈಕು ಶಿಗ್ಗಾಂವಿಯ ದಾರಿ ಹಿಡಿದಾಗ ಗಾಳಿಯಲ್ಲಿ ಇನ್ನೂ ತಂಪಿತ್ತು. ಉತ್ತು ಬಿಟ್ಟ ಕಪ್ಪು ಹೊಲಗಳು ಎರಡೂ ಕಡೆ ನಿಧಾನವಾಗಿ ಹಿಂದೆ ಸರಿಯುತ್ತಿದ್ದವು. ತಾನು ನಿಂತಲ್ಲೇ ನಿಂತಿದ್ದೇನೆ, ನೆಲವೇ ಎಲ್ಲಿಗೋ ಹೊರಟಿದೆ ಎಂದು ಅವನಿಗೆ ಅನ್ನಿಸಿತು. ಹಿಂದಿನ ವಾರದಿಂದ ಹೀಗೇ ಆಗುತ್ತಿತ್ತು. ಯಾವುದೂ ನೆಟ್ಟಗೆ ನಿಂತಂತೆ ಕಾಣುತ್ತಿರಲಿಲ್ಲ. ತೋಟಗಾರಿಕೆ ಡಿಪ್ಲೊಮಾ ಮುಗಿಸಿ ಹನ್ನೆರಡು ವರ್ಷ, ಕಾರ್ಡಿನ ಮೇಲೆ 'ಲ್ಯಾಂಡ್‌ಸ್ಕೇಪ್ ಡಿಸೈನರ್' ಎಂದು ಅಚ್ಚು ಹಾಕಿಸಿ ಎಂಟು ವರ್ಷ. ಈ ಎಂಟು ವರ್ಷದಲ್ಲಿ ತನಗೆ ಬೇಕೆನಿಸಿದ ಗಿಡವನ್ನು ತನಗೆ ಬೇಕೆನಿಸಿದ ಜಾಗದಲ್ಲಿ ನೆಟ್ಟದ್ದು ಅವನಿಗೆ ನೆನಪಿಲ್ಲ. ಮೊದಮೊದಲು ಹೊಂಗೆ, ಬೇವು, ಹುಣಸೆ ಎನ್ನುತ್ತಿದ್ದ. "ಅವು ರಸ್ತಾದ ಬಾಜೂಕೂ ಬೆಳೀತಾವ್ರಿ, ಅದಕ್ಯಾಕ ನಿಮಗ ರೊಕ್ಕಾ ಕೊಡಬೇಕು?" ಎಂದು ಹಿರೇಕೆರೂರಿನ ಪೆಟ್ರೋಲ್ ಪಂಪಿನ ಮಾಲೀಕ ಕೇಳಿದ ಮೇಲೆ ಬಿಟ್ಟ. ಆ ಮನುಷ್ಯ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಜನ ದುಡ್ಡು ಕೊಡುವುದು ಇಲ್ಲಿ ಬೆಳೆಯದಿರುವುದಕ್ಕೆ. ಹಾನಗಲ್ಲಿನ ಹೆಡ್‌ಮಾಸ್ತರರೊಬ್ಬರು ಎಲೆ ಉದುರದ ಗಿಡ ಕೇಳಿದ್ದರು, ಕಸ ಹೊಡೆಯುವವಳು ಬಿಟ್ಟು ಹೋಗಿದ್ದಳಂತೆ. ಅವರಿಗೆ ಸದಾ ಹಸಿರಾದ ಕೊನೊಕಾರ್ಪಸ್ ನೆಟ್ಟು ಕೊಟ್ಟ. ಅದರ ಬೇರು ನೀರಿನ ಪೈಪು ಹುಡುಕಿಕೊಂಡು ಹೋಗುತ್ತದೆಂದು ಗೊತ್ತಿತ್ತು. ಹೇಳಲಿಲ್ಲ. ಮೂರೇ ತಿಂಗಳಲ್ಲಿ ಹಸಿರು ಗೋಡೆ ಎದ್ದಿತ್ತು, ಮಾಸ್ತರರು ಶಾಲು ಹೊದಿಸಿ ಸನ್ಮಾನ ಮಾಡಿದ್ದರು. ಆ ಶಾಲು ಈಗಲೂ ಮನೆಯಲ್ಲಿ ಹೊಲಿಗೆ ಯಂತ್ರದ ಮೇಲೆ ಮುಚ್ಚಿಕೊಂಡು ಬಿದ್ದಿದೆ.

ಗೊಟಗೋಡಿಯ ಫಾರ್ಮ್‌ಹೌಸು ಬೀಜದ ವ್ಯಾಪಾರಿ ಮೈಲಾರಲಿಂಗನದು. ಮನೆ ಕಟ್ಟುವವರಿಗೆ ತೋಟ ಎಂದರೆ ಮನೆ ಕಟ್ಟಿ ಉಳಿದ ದುಡ್ಡು. ಟೈಲ್ಸು, ಗೇಟು, ಚಾವಣಿಯ ಪ್ಲಾಸ್ಟರಿನ ಹೂಬಳ್ಳಿ ಎಲ್ಲ ಮುಗಿದ ಮೇಲೆ ತಟ್ಟೆಯ ಅಂಚಿನಲ್ಲಿ ಉಳಿದಷ್ಟು ಮುಬಶೀರನಿಗೆ. ಇಲ್ಲಿ ಎರಡು ಬೋರು ಹೊಡೆಸಿ ಎರಡರಲ್ಲೂ ಧೂಳೇ ಬಂದಿದ್ದರಿಂದ ಆ ಅಂಚೂ ಖಾಲಿಯಾಗಿತ್ತು. "ಅರ್ಧದಾಗ ಮುಗಸ್ರಿ ಮುಬಶೀರ್ ಅವರ, ಆದ್ರ ಡ್ರಾಯಿಂಗ್ ಹೆಂಗ ಐತಿ ಹಂಗ ಇರಬೇಕು ಮತ್ತ" ಎಂದಿದ್ದ ಮೈಲಾರಲಿಂಗ. ಡ್ರಾಯಿಂಗಿನಲ್ಲಿ ಮುಂಬಾಗಿಲ ಎಡಕ್ಕೆ ಮೂರು ದೊಡ್ಡ ದೇವಕಣಗಿಲೆ ಇದ್ದವು. ಅದು ಅವನ ಹೆಂಡತಿ ಸವಿತಾಳ ಆಸೆ. ಗೋವಾದ ಹೋಟೆಲೊಂದರಲ್ಲಿ ನೋಡಿ ಬಂದಿದ್ದಳು; ಮೊಬೈಲು ತೋರಿಸಿ, "ಎಲೀನ ಇರಬಾರದ್ರಿ, ಬೋಳ ಟೊಂಗಿ, ತುದಿಗಷ್ಟ ಬಿಳೇ ಹೂ. ವಾಸ್ತುಶಾಂತಿ ದಿನಾ ಹೂ ಇರಬೇಕು" ಎಂದಿದ್ದಳು. ಆಳೆತ್ತರ ಮೀರಿದ ಗಿಡಗಳನ್ನು ಆಂಧ್ರದ ನರ್ಸರಿಯಿಂದ ತರಿಸಿದರೆ ಮೂರರಲ್ಲೇ ದುಡ್ಡೆಲ್ಲ ಮುಗಿಯುತ್ತಿತ್ತು. ಸಸಿ ನೆಟ್ಟರೆ ಹತ್ತು ವರ್ಷ ಕಾಯಬೇಕು. ವಾಸ್ತುಶಾಂತಿಗೆ ಉಳಿದದ್ದು ಇಪ್ಪತ್ತು ದಿನ. ಅಷ್ಟರಲ್ಲಿ ಸವಣೂರಿನ ಖಬರಸ್ತಾನದ ಕಾಂಪೌಂಡು ಒಳಗೆ ಸರಿಸಿ ಕಟ್ಟುತ್ತಾರೆ, ರಸ್ತೆ ಅಗಲವಾಗುತ್ತದೆ ಎಂಬ ಸುದ್ದಿ ಬಂತು. ಕಮಿಟಿಯ ಸೆಕ್ರೆಟರಿ ಅಯಾಜ್ ಅವನನ್ನು ಕರೆದುಕೊಂಡು ಹೋಗಿ ಗೋಡೆಯ ಸಾಲಿಗೆ ಬರುವ ಎರಡು ಹಳೆಯ ದೇವಕಣಗಿಲೆ ತೋರಿಸಿ, "ಒಯ್ರಿ, ಇಲ್ಲಂದ್ರ ಯಾರದರ ಒಲಿಗೆ ಹೋಗ್ತಾವ" ಎಂದು ಎರಡಕ್ಕೂ ಸುಣ್ಣದಲ್ಲಿ ಗುಂಡಗೆ ಗುರುತು ಹಾಕಿದ. ಹಾಕಿ, ಡಬ್ಬಿಯನ್ನು ಅಲ್ಲೇ ಬಿಟ್ಟು, ಫೋನು ಬಂತೆಂದು ಗೇಟಿನಾಚೆ ಹೋದ.

ಎರಡು ಗಿಡ ಇದ್ದರೆ ಕಣ್ಣು ಒಂದನ್ನೊಂದು ಹೋಲಿಸುತ್ತ ಅಲ್ಲೇ ನಿಲ್ಲುತ್ತದೆ. ಮೂರಿದ್ದರೆ ಕಣ್ಣು ಸುತ್ತುತ್ತದೆ, ಜಾಗ ದೊಡ್ಡದಾಗಿ ಕಾಣುತ್ತದೆ. ಒಂದು, ಮೂರು, ಐದು ಎಂದು ಗುಂಪು ಮಾಡಿ ನೆಡಬೇಕೆಂದು ಕಲಿಸಿದ್ದರು. ಕಲಿತದ್ದರಲ್ಲಿ ಅವನು ಬಿಡದೆ ಪಾಲಿಸಿಕೊಂಡು ಬಂದಿದ್ದು ಇದೊಂದನ್ನೇ. ಮೂರನೆಯ ಗಿಡ ಗೋಡೆಯ ಸಾಲಿನಿಂದ ನಾಲ್ಕು ಹೆಜ್ಜೆ ಒಳಗಿತ್ತು. ಸುಣ್ಣದ ಡಬ್ಬಿ ಅವನ ಕಾಲಬುಡದಲ್ಲಿತ್ತು. ಮಧ್ಯಾಹ್ನದ ಬಿಸಿಲು ಬಿಳಿಯ ಗೋರಿಗಳ ಮೇಲೆ ಬಿದ್ದು ಎಲ್ಲವೂ ನೀರಿನೊಳಗೆ ಇರುವಂತೆ ಅಲುಗುತ್ತಿತ್ತು. ಅವನ ಕೈ ಡಬ್ಬಿಯೊಳಗೆ ಇಳಿಯಿತು, ಹೊರಗೆ ಬಂತು, ಗಿಡದ ಮೈಮೇಲೆ ಒಂದು ವೃತ್ತ ಎಳೆಯಿತು. ಆ ವೃತ್ತ ಅಯಾಜನ ವೃತ್ತಕ್ಕಿಂತ ಚೆನ್ನಾಗಿಯೇ ಬಂದಿತ್ತು. ಡ್ರಾಯಿಂಗ್ ಕಲಿತ ಕೈ. ಮೂರು ದಿನ ಬಿಟ್ಟು, ನಸುಕಿನ ನಮಾಜಿನ ನಂತರ ಬಂದ ಜೆಸಿಬಿಯವನಿಗೆ ಸುಣ್ಣ ಹಚ್ಚಿದ್ದು ಯಾರೆಂದು ಕೇಳುವ ಕೆಲಸ ಇರಲಿಲ್ಲ. ಮರುದಿನ ಅಯಾಜ್ ಫೋನು ಮಾಡಿ, "ಮೂರನೇದಕ್ಕೂ ನಾನ ಹಚ್ಚಿದ್ನೇನ್ರಿ?" ಎಂದು ತನ್ನನ್ನೇ ಅನುಮಾನಿಸಿಕೊಂಡ. ಮುಬಶೀರ "ಇರಬೇಕ್ರಿ" ಎಂದ. ಆ ಒಂದು ಮಾತು ಹೇಳಿದಾಗಿನಿಂದ ಅವನಿಗೆ ಊಟ ರುಚಿಸುತ್ತಿಲ್ಲ.

ಅಮ್ಮಿ ಆ ಮೂರನೆಯ ಗಿಡದ ಬುಡದಲ್ಲಿದ್ದಳು. ಅಖ್ತರುನ್ನೀಸಾ ಎಂಬ ಹೆಸರು ಎಲ್ಲಿಯೂ ಕೆತ್ತಿಲ್ಲ. ಅವರ ಮನೆತನದಲ್ಲಿ ಗೋರಿಗೆ ಕಲ್ಲು ನಿಲ್ಲಿಸುವ ರೂಢಿಯಿಲ್ಲ. ಅವಳು ತೀರಿಕೊಂಡಿದ್ದು ಕೊರೊನಾದ ಆ ಕೆಟ್ಟ ಬೇಸಿಗೆಯಲ್ಲಿ, ಸತ್ತವರನ್ನು ಆಸ್ಪತ್ರೆಯಿಂದ ನೇರವಾಗಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತರುತ್ತಿದ್ದ ದಿನಗಳಲ್ಲಿ. ನಾಲ್ಕೇ ಜನ ಖಬರಸ್ತಾನದೊಳಗೆ ಬರಬಹುದಿತ್ತು. ಅಬ್ಬಾಗೂ ಜ್ವರ, ಮನೆಯ ಕಿಟಕಿಯಲ್ಲಿ ನಿಂತು ಆಂಬುಲೆನ್ಸಿನ ಬೆನ್ನು ನೋಡಿದ್ದಷ್ಟೇ. ಸಂಜೆ ಮನೆಗೆ ಬಂದ ಮುಬಶೀರ ಬಾಗಿಲ ಹೊರಗೇ ನಿಂತು, "ಚಂಪಾ ಗಿಡದ ಬುಡಕ್ಕ ಅದಾಳ ಅಬ್ಬಾ, ಗಿಡದ ಕಡೆ ತಲಿ, ನೆರಳೈತಿ" ಎಂದಿದ್ದ. ದೇವಕಣಗಿಲೆಯನ್ನು ಅಬ್ಬಾ ಚಂಪಾ ಎಂದೇ ಕರೆಯುವುದು. ಮಣ್ಣಿನ ದಿಬ್ಬ ಒಂದೇ ಮಳೆಗಾಲದಲ್ಲಿ ಕುಸಿದು ನೆಲಕ್ಕೆ ಸಮವಾಯಿತು. ಅಬ್ಬಾಗೆ ಗುರುತು ಉಳಿದದ್ದು ಮಗನ ಆ ಮಾತೊಂದೇ. ಪ್ರತಿ ಶುಕ್ರವಾರ ಗಿಡದ ಕೆಳಗೆ ಕೂತು, ತೋಟದಲ್ಲಿ ಕೂತು ಎಲೆ ಕಟ್ಟುವಾಗ ಮಾತಾಡುತ್ತಿದ್ದಂತೆಯೇ ಅವಳೊಂದಿಗೆ ಮಾತಾಡುತ್ತಿದ್ದರು. ಎಲೆಯ ದರ, ನಲ್ಲಿ ನೀರು, ಯಾರ ಮಗಳ ನಿಕಾಹ. ದೂರದಲ್ಲಿ ನಿಂತು ಕಾಯುತ್ತಿದ್ದ ಮುಬಶೀರನಿಗೆ ಆ ಮಾತು ಕೇಳಿಸಿಕೊಳ್ಳಲು ನಾಚಿಕೆಯಾಗುತ್ತಿತ್ತು. ಜೆಸಿಬಿ ಗಿಡವನ್ನು ಎತ್ತಿದಾಗ ಬೇರಿಗೆ ಊಟದ ಗಂಗಾಳದಷ್ಟು ಅಗಲ ಮಣ್ಣು ಅಂಟಿಕೊಂಡು ಬಂತು. ಗೋಣಿ ತಾಟು ಸುತ್ತಿ ಹುರಿ ಕಟ್ಟುವಾಗ ಆ ಮಣ್ಣಿಗೆ ಕೈ ತಾಗಿಸಬಾರದೆಂದು ಎಷ್ಟು ಜಾಗ್ರತೆ ಮಾಡಿದರೂ ಉಗುರ ಸಂದಿಗೆ ಹೊಕ್ಕಿತು. ಆ ಮಣ್ಣು ಈಗ ಮೈಲಾರಲಿಂಗನ ಮನೆಯ ಮುಂದೆ ದಿನಾ ಎರಡು ಸಲ ಟ್ಯಾಂಕರ್ ನೀರು ಕುಡಿಯುತ್ತಿದೆ.

ಅವನ ಬೈಕು ಗೊಟಗೋಡಿ ಮುಟ್ಟಿದಾಗ ಮೈಲಾರಲಿಂಗನ ಕಾರು ಆಗಲೇ ಬಂದಿತ್ತು. ಸವಿತಾ, ಪೇಟೆಯಿಂದ ಬಂದ ಇಬ್ಬರು ನೆಂಟರು, ಮತ್ತು ಇವತ್ತೇ ಮೊದಲ ಸಲ ಮನೆ ನೋಡಲು ಬಂದ ಮೈಲಾರಲಿಂಗನ ತಾಯಿ ಮುದಕವ್ವ. ಮೂರು ಗಿಡಗಳು ಬಿಳಿಯ ಗೋಡೆಯ ಮುಂದೆ ನಿಂತಿದ್ದವು. ಅವನ ಎದೆ ಒಮ್ಮೆ ಹಿಗ್ಗಿತು. ಆ ಹಿಗ್ಗಿಗೆ ತಾನೇ ಹೇಸಿಕೊಂಡ. ನಿಜಕ್ಕೂ ಚೆನ್ನಾಗಿ ಬಂದಿತ್ತು. ಮೂರನೆಯದು ಸ್ವಲ್ಪ ಬಾಗಿ ಉಳಿದೆರಡರ ಮಾತು ಕೇಳುತ್ತಿರುವಂತಿತ್ತು, ಅದಿಲ್ಲದಿದ್ದರೆ ಇಡೀ ಅಂಗಳ ಬೋಳಾಗಿ ಕಾಣುತ್ತಿತ್ತು. ಫೋನಿನಲ್ಲಿ ಯಾರಿಗೋ, "ತಡೀ, ಗಾರ್ಡನ್‌ದಾಂವ ಬಂದ" ಎಂದು ಮೈಲಾರಲಿಂಗ ಇತ್ತ ತಿರುಗಿದ. ಇಬ್ಬರೇ ಇದ್ದಾಗ ನೀವು ಎನ್ನುತ್ತಿದ್ದವನು ನೆಂಟರ ಮುಂದೆ ನೀನು ಎನ್ನುತ್ತಿದ್ದ. "ಬಾ ಬಾ. ಎಲ್ಲಾರೂ ಕೇಳಾಕತ್ತಾರ ನೋಡು, ಎಲ್ಲಿಂದ ತಂದಿ ಇಂಥಾ ಗಿಡಾ?" ಮುಬಶೀರ ಬಾಯಿ ತೆರೆಯುವ ಮೊದಲೇ ಮುದಕವ್ವ ಸೆರಗು ಸರಿಮಾಡಿಕೊಂಡು ಗಿಡಗಳ ಹತ್ತಿರ ಹೋಗಿದ್ದಳು. ಮೂರನ್ನೂ ನೋಡಿದಳು, ಮೂರನೆಯದರ ಮೈಮೇಲೆ ಅಂಗೈ ಇಟ್ಟಳು.

"ಇವನ್ನ ಯಾವ ಸುಡುಗಾಡದಾಗಿಂದ ಕಿತ್ಕೊಂಡ ಬಂದೀಯೋ ತಮ್ಮಾ?" ಎಂದಳು.

ನೆಂಟರು ನಕ್ಕರು. ಸವಿತಾ, "ಅತ್ತೀ, ಇವು ದೊಡ್ಡ ದೊಡ್ಡ ಹೋಟಲದಾಗ ಇರ್ತಾವ್ರಿ" ಎಂದಳು.

"ಇರಲಿ ಬಿಡವಾ, ಹೋಟಲದಾಗ ಯಾರ ಸಂಸಾರ ಮಾಡತಾರ? ನಮ್ಮ ಕಡೆ ದೇವಕಣಗಿಲ ಹಚ್ಚೂದು ಗುಡಿ ಮುಂದ, ಇಲ್ಲಾ ಮಣ್ಣ ಕೊಟ್ಟಲ್ಲೆ." ಮುದುಕಿ ಅವನ ಕಡೆಗೇ ನೋಡುತ್ತಿದ್ದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ. "ಹೇಳಪಾ, ಎಲ್ಲಿಂದ ತಂದಿ?"

"ನರ್ಸರಿಯಿಂದ್ರಿ ಅವ್ವಾರ. ಹಾನಗಲ್ ಕಡೆ."

"ಸುಣ್ಣಾ ಯಾಕ ಹಚ್ಯಾರ?"

"ಹುಳ ಹತ್ತಬಾರದಂತ್ರಿ."

"ಹುಳಕ್ಕ ಬುಡಕ್ಕ ಹಚ್ಚತಾರಪಾ, ಎದಿಗೆ ಹಚ್ಚೂದಿಲ್ಲ."

ಮುಬಶೀರ ಎಂಟು ವರ್ಷದಲ್ಲಿ ಎಷ್ಟೋ ಸುಳ್ಳು ಹೇಳಿದ್ದ; ಈ ಹುಲ್ಲಿಗೆ ನೀರೇ ಬೇಡ, ಈ ಗಿಡಕ್ಕೆ ಬಿಸಿಲು ಬೇಡ. ಒಂದನ್ನೂ ಯಾರೂ ಹೀಗೆ ನಿಧಾನವಾಗಿ ಬಿಡಿಸಿ ನೋಡಿರಲಿಲ್ಲ. ಈಗ ಹೇಳಿಬಿಡಬೇಕು, ಇದರ ಕೆಳಗೆ ನಮ್ಮ ಅಮ್ಮಿ ಮಲಗಿದ್ದಳ್ರಿ ಎಂದುಬಿಡಬೇಕು ಎಂದು ನಾಲಿಗೆಯ ತುದಿಯವರೆಗೆ ಬಂತು. ಹೇಳಿದರೆ ಎಲ್ಲ ಊರಿಗೂ ಮುಟ್ಟುವ ಮಾತು. ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರು, ಎಲ್ಲಿಯೂ ಮತ್ತೆ ಯಾರೂ ಅವನಿಂದ ಒಂದು ತುಳಸಿಯನ್ನೂ ಕೊಳ್ಳುವುದಿಲ್ಲ. ಮುದಕವ್ವ ಗಿಡದ ಕಡೆ ತಿರುಗಿ, ಹಿರಿಯರಿಗೆ ಮುಗಿಯುವಂತೆ ಕೈ ಮುಗಿದಳು. "ಯಾರನ್ನೋ ಕಾಯ್ಕೋತ ನಿಂತ ಗಿಡ ಇದು. ಇಲ್ಲೇನ ಕಾಯ್ತೈತಿ? ಎಲ್ಲಿಂದ ತಂದೀ ಅಲ್ಲೇ ಮುಟ್ಟಸು. ಇವ ಮೂರೂ ತಗಿಯೂ ತನಕಾ ನಾ ಈ ಮನಿ ಹೊಸ್ತಲಾ ದಾಟೂದಿಲ್ಲ" ಎಂದಳು. ಹೇಳಿ, ಹೋಗಿ ಕಾರಿನಲ್ಲಿ ಕೂತಳು. ಮೈಲಾರಲಿಂಗ ತಲೆ ಕೆರೆದುಕೊಂಡ. ಸವಿತಾಳ ಮುಖ ಸಪ್ಪಗಾಯಿತು. "ಹೋಗ್ಲಿ, ಪಾಮ್ ಹಾಕು. ಸಣ್ಣವ ನಡೀತಾವ. ಮತ್ತ ಇದಕ್ಕ ಬ್ಯಾರೆ ರೊಕ್ಕಾ ಕೇಳಬ್ಯಾಡ" ಎಂದ ಮೈಲಾರಲಿಂಗ. ಮುಬಶೀರ ತಲೆಯಾಡಿಸಿದ. ಕೆಲಸ ಹಾಳಾದದ್ದಕ್ಕೆ ಇಷ್ಟು ಹಗುರಾದದ್ದು ಅವನಿಗೆ ಇದೇ ಮೊದಲು.

ಗುಂಡಿ ತೋಡುವ ಫಕ್ಕೀರಪ್ಪ ಅವನ ತಂದೆಯ ಓರಗೆಯವನು. ಹದಿನೈದು ವರ್ಷದಿಂದ ಬೇರೆಯವರ ಅಂಗಳಗಳಲ್ಲಿ ಮಾತಿಲ್ಲದೆ ಗುದ್ದಲಿ ಆಡಿಸಿಕೊಂಡು ಬಂದವನು. "ಮೂರನೇದ ಮೊದಲ ತಗೀ ಕಾಕಾ. ಉಳದವು ನಾಳೆ" ಎಂದಾಗ ಯಾಕೆಂದು ಕೇಳಲಿಲ್ಲ. ಗಿಡ ಇನ್ನೂ ಬೇರು ಬಿಟ್ಟಿರಲಿಲ್ಲ, ಸಲೀಸಾಗಿ ಎದ್ದಿತು. ನೀರುಂಡ ಮಣ್ಣು ಮಾತ್ರ ಪೂರ್ತಿ ಬರಲಿಲ್ಲ. ಒಂದು ದೊಡ್ಡ ಹೆಂಟೆ ಕಳಚಿ ಗುಂಡಿಯೊಳಗೇ ಬಿತ್ತು. ಮುಬಶೀರ ಗುಂಡಿಯಲ್ಲಿ ಇಳಿದು ಆ ಹೆಂಟೆಯನ್ನು ಎರಡೂ ಕೈಯಲ್ಲಿ ಎತ್ತಿ ಗೋಣಿಯೊಳಗೆ ಹಾಕಿದ. ಇನ್ನೂ ಸ್ವಲ್ಪ ಉಳಿದಿತ್ತು. ಯಾವುದು ಸವಣೂರಿನ ಮಣ್ಣು, ಯಾವುದು ಗೊಟಗೋಡಿಯ ಮಣ್ಣು ತಿಳಿಯದೆ ಕೈಗೆ ಬಂದಷ್ಟನ್ನು ಬಾಚುತ್ತ ಕೂತ. "ಸಾಕ ಬಿಡ್ರಿ, ಹೊತ್ತಾಕ್ಕೈತಿ" ಎಂದ ಫಕ್ಕೀರಪ್ಪ.

ಫೋನು ಮಾಡಿ ಕರೆಸಿದ ಟೆಂಪೊದ ಮುಂದೆ ಫಕ್ಕೀರಪ್ಪ ಹತ್ತಿದ, ಹಿಂದೆ ಗಿಡದ ಜೊತೆ ಮುಬಶೀರ ಕೂತ. ಮಲಗಿದ ಗಿಡದ ತಲೆ ಅವನ ತೊಡೆಯ ಹತ್ತಿರವಿತ್ತು. ಟೆಂಪೊ ಕುಲುಕಿದಾಗಲೆಲ್ಲ ಒಂದೊಂದು ಹೂ ಉದುರಿ ತಗಡಿನ ಮೇಲೆ ಜಾರಾಡಿತು. ಬಿಸಿಲು, ಡೀಸೆಲ್ ವಾಸನೆ, ಹೂವಿನ ವಾಸನೆ ಎಲ್ಲ ಸೇರಿ ಕಣ್ಣು ಎಳೆಯುತ್ತಿತ್ತು. ಅಮ್ಮಿ ಬುತ್ತಿ ಕಟ್ಟಿಕೊಂಡು ತೋಟಕ್ಕೆ ಬಂದವಳು ಬೇಲಿಯ ಹೊರಗೆ ಚಪ್ಪಲಿ ಬಿಡುತ್ತಿದ್ದಾಳೆ. ಎಲೆಬಳ್ಳಿಯ ತೋಟದೊಳಗೆ ಚಪ್ಪಲಿ ಮೆಟ್ಟಬಾರದು. ಹುಡುಗ ಮುಬಶೀರ ಮರೆತು ಮೆಟ್ಟಿಕೊಂಡೇ ಒಳಗೆ ನುಗ್ಗಿದ್ದಾನೆ. ಬೈಯುವುದಿಲ್ಲ ಅವಳು. ಬಗ್ಗಿ, ಅವನ ಕಾಲಿನಿಂದ ಒಂದೊಂದೇ ಚಪ್ಪಲಿ ಬಿಚ್ಚುತ್ತಾಳೆ. ಬೆರಳು ತಣ್ಣಗಿವೆ. ಬಂಕಾಪುರದ ಕಡೆಯ ಲಾರಿಯೊಂದು ಹಾರ್ನು ಹೊಡೆದಾಗ ಅವನು ಎಚ್ಚೆತ್ತ. ಎಲ್ಲ ಸರಿಹೋಗುತ್ತದೆ ಎಂದುಕೊಂಡ. ಗಿಡ ಎತ್ತಿದ ತಗ್ಗು ಅಲ್ಲೇ ಇರುತ್ತದೆ. ಅದೇ ತಗ್ಗಿಗೆ ಇಳಿಸಿದರೆ ಆಯಿತು. ಅಬ್ಬಾ ಬರುವುದರೊಳಗೆ ನೀರು ಹಾಕಿ ನಿಲ್ಲಿಸಿಬಿಡಬಹುದು. ಐದು ದಿನ ನಡೆದೇ ಇಲ್ಲ ಎಂಬಂತೆ.

ಆದರೆ ಟೆಂಪೊ ಖಬರಸ್ತಾನದ ಗೇಟಿನ ಮುಂದೆ ನಿಂತಾಗ ಅಬ್ಬಾ ಅಲ್ಲಿದ್ದರು. ಮಗನನ್ನು ಕಾದು, ಬಾರದ್ದಕ್ಕೆ ಮಸೀದಿಯಿಂದ ನೇರ ನಡೆದು ಬಂದಿದ್ದರು. ಬಿಳಿ ಅಂಗಿ, ತಲೆಗೆ ಟೋಪಿ, ಕೈಯಲ್ಲಿ ಅಗರಬತ್ತಿಯ ಪಾಕೀಟು. ಗೇಟಿನೊಳಗೆ ನೋಡುತ್ತ, ಹೊಸದಾಗಿ ಸಿಕ್ಕ ಕಣ್ಣುಗಳನ್ನು ಮತ್ತೆ ಮತ್ತೆ ಉಜ್ಜಿಕೊಳ್ಳುತ್ತಿದ್ದರು. "ಗಿಡ ಕಾಣವಲ್ದಲ್ಲೋ" ಎಂದರು. ಆಮೇಲೆ ಟೆಂಪೊದಲ್ಲಿ ಮಲಗಿದ್ದನ್ನು ನೋಡಿದರು. ಮುಬಶೀರ ಕೆಳಗಿಳಿದ. "ಕಾಂಪೌಂಡಿನ ಸಲುವಾಗಿ ತಗದಿದ್ರು ಅಬ್ಬಾ. ಮತ್ತ ಹಚ್ಚಾಕ ತಂದೇನಿ." ಮುದುಕ ಗಿಡದ ತೊಗಟೆಯನ್ನು ಸವರಿದರು. "ಸುಟ್ಟಹಾಕಿಬಿಡ್ತಿದ್ರೋ. ನೀ ಉಳಿಸಿದಿ. ನಿಮ್ಮ ಅಮ್ಮಿ ದುವಾ ಹತ್ತತೈತಿ ನಿನಗ" ಎಂದು ಅವನ ಬೆನ್ನ ಮೇಲೆ ಕೈ ಇಟ್ಟರು.

ಒಳಗೆ ತಗ್ಗು ಇರಲಿಲ್ಲ. ಐದು ದಿನದಲ್ಲಿ ಹೊಸ ಗೋಡೆ ಎದೆಮಟ್ಟ ಎದ್ದಿತ್ತು. ಅದರ ಉದ್ದಕ್ಕೂ ಜೆಸಿಬಿ ನೆಲವನ್ನು ಸವರಿ, ಗರಸು ಮಣ್ಣು ಹರವಿ, ರೊಟ್ಟಿ ತಟ್ಟಿದ ಹಾಗೆ ಸಮ ಮಾಡಿತ್ತು. ಹಳೆಯ ಗೋಡೆ ಹೋಗಿತ್ತು, ಹೊಸದರಿಂದ ನಾಲ್ಕು ಹೆಜ್ಜೆ ಎಂದರೂ ಅದರ ಉದ್ದದಲ್ಲಿ ಎಲ್ಲಿ ಎಂದು ಹೇಳುವಂತಿಲ್ಲ. ಉಳಿದೆರಡು ಗಿಡ ಹೋಗಿದ್ದವು, ಅವುಗಳ ಸಾಲು ಹಿಡಿಯುವಂತಿಲ್ಲ. ಅವನು ಇತ್ತ ನಡೆದ, ಅತ್ತ ನಡೆದ. ಕಾಲಿನ ಕೆಳಗೆ ನೆಲ ಎಲ್ಲಿಯಾದರೂ ಮೆತ್ತಗಾದೀತೇ ಎಂದು ಒತ್ತಿ ನೋಡಿದ. ಎಲ್ಲ ಕಡೆ ಒಂದೇ ಗಟ್ಟಿ. ಗರಸಿನಿಂದ ಬೆಳಕು ಮೇಲೆದ್ದು ಕಣ್ಣಿಗೆ ಹೊಡೆಯಿತು, ಅಷ್ಟು ದೊಡ್ಡ ಬಯಲು ಯಾವ ಬದಿಯಿಂದಲೂ ಹಿಡಿತಕ್ಕೆ ಸಿಗದೆ ತೇಲುತ್ತಿತ್ತು.

"ನಿನಗ ಗುರ್ತ ಐತೆಲ್ಲೋ?" ಅಬ್ಬಾ ಹಿಂದಿನಿಂದ ಕೇಳಿದರು. ಅವಸರವೇನೂ ಇರಲಿಲ್ಲ ದನಿಯಲ್ಲಿ.

ಗೊತ್ತಿಲ್ಲ ಎನ್ನುವುದು ಎಷ್ಟು ಸಣ್ಣ ಮಾತು. ಮುಬಶೀರ ತಿರುಗಿ ನೋಡಿದ. ಅಬ್ಬಾ ಕಾಯುತ್ತಿದ್ದರು, ಡ್ರಾಯಿಂಗ್ ಹರವಿದಾಗ ಜನ ಕಾಯುವಂತಲ್ಲ, ಹೋಗಲು ಬೇರೆ ಯಾವ ಊರೂ ಉಳಿದಿಲ್ಲದವರು ಕಾಯುವಂತೆ. "ಐತಿ ಅಬ್ಬಾ" ಎಂದ. ಅವನ ಕಣ್ಣು ಆಗಲೇ ತನ್ನ ಕೆಲಸ ಶುರು ಮಾಡಿತ್ತು. ಗೋಡೆಗೆ ತೀರ ಅಂಟಬಾರದು. ಸಂಜೆಯ ನೆರಳು ಒಳಮುಖವಾಗಿ ಬೀಳಬೇಕು. ಗೇಟು ತೆರೆದವರಿಗೆ ತುದಿಯ ಹೂವಷ್ಟೇ ಕಂಡು, ಎರಡು ಹೆಜ್ಜೆ ಇಟ್ಟ ಮೇಲೆ ಪೂರ್ತಿ ಕಾಣಬೇಕು. ಅಂಥ ಜಾಗ ಒಂದಿತ್ತು. "ಇಲ್ಲೆ" ಎಂದು ಕಾಲಿನಿಂದ ಗೆರೆ ಎಳೆದ. ಫಕ್ಕೀರಪ್ಪ ಗುದ್ದಲಿ ಎತ್ತಿ, ಅರ್ಧಕ್ಕೆ ನಿಲ್ಲಿಸಿ, ಮೊದಲ ಸಲ ಪ್ರಶ್ನೆ ಕೇಳಿದ. "ಸಾಹೇಬ್ರ, ಇಲ್ಲಿ ಅಗೀಲ್ರಿ? ಬರೋಬ್ಬರಿ ನೋಡೀರಿ?" "ಅಗೀ ಕಾಕಾ. ಮೊಣಕಾಲಮಟ್ಟ ಸಾಕು." ಅಗೆದದ್ದಾಯಿತು. ಗಿಡ ಇಳಿಸಿದ್ದಾಯಿತು. ಗೋಣಿಯಲ್ಲಿದ್ದ ಮಣ್ಣನ್ನೆಲ್ಲ ಮುಬಶೀರ ತಾನೇ ಸುರಿದು ಕೈಯಿಂದ ಒತ್ತಿದ. ಅಬ್ಬಾ ಕೊಡದಲ್ಲಿ ನೀರು ತಂದು ಹಾಕಿದರು. ಗಿಡ ನಿಂತಿತು. ಚೆನ್ನಾಗಿ ಕಾಣುತ್ತಿತ್ತು.

ಅಬ್ಬಾ ಅಗರಬತ್ತಿ ಹಚ್ಚಿ ಗಿಡದ ಬುಡದಲ್ಲಿ ಚುಚ್ಚಿದರು. ಚಪ್ಪಲಿ ಬಿಟ್ಟು, ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಕೂತರು. ಗರಸಿನ ಮೇಲೆ ಅಂಗೈ ಇಟ್ಟು, "ನೋಡಿದೇನ, ಕಣ್ಣ ಬಂದಾವ ನನಗ" ಎಂದರು. ಎರಡು ತಿಂಗಳಿನ ಮಾತು ಬಾಕಿಯಿತ್ತು. ಡಾಕ್ಟರ ಸುದ್ದಿ, ಎಲೆಯ ದರ, ಹಲ್ಲಿಯ ಸುದ್ದಿ. ಹೇಳುತ್ತ ಹೇಳುತ್ತ ಅವರ ಮುಖ ತಿಳಿಯಾಯಿತು. ಮುಬಶೀರ ಎದುರಿಗೆ ನಿಂತಿದ್ದ. ಅವಳು ಇಲ್ಲಿಲ್ಲ ಎಂದು ಇಡೀ ಮೈ ಕೂಗುತ್ತಿತ್ತು. ಇನ್ನು ಅಬ್ಬಾ ಬದುಕಿರುವವರೆಗೆ ಪ್ರತಿ ಶುಕ್ರವಾರ ಇಲ್ಲಿಗೇ ಬರುತ್ತಾರೆ, ಅವರು ಹೋದ ಮೇಲೂ ಇದನ್ನು ಸರಿಮಾಡುವವರು ಯಾರೂ ಇಲ್ಲ ಎಂದು ಅವನಿಗೆ ತಿಳಿಯಿತು. ಫಾತಿಹಾ ಓದಲೆಂದು ಅಬ್ಬಾ ಎರಡೂ ಕೈ ಎತ್ತಿದರು. ಎತ್ತಿದವರು ಅರ್ಧದಲ್ಲಿ ತಡೆದು, ಗಿಡದ ಬುಡವನ್ನೊಮ್ಮೆ, ಮಗ ನಿಂತ ಜಾಗವನ್ನೊಮ್ಮೆ ನೋಡಿದರು.

"ಅತ್ತಾಗ ಸರೀಯೋ" ಎಂದರು ಮೆಲ್ಲಗೆ. "ಗಿಡದ ಕಡೆ ತಲಿ ಐತಿ ಅಕೀದು. ನೀ ಕಾಲ ಮ್ಯಾಲ ನಿಂತೀ ನೋಡು."

ಮುಬಶೀರ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಎರಡು ಹೆಜ್ಜೆ ಆಚೆ ಸರಿದು ನಿಂತ.